ಹೆದರದವರ ಊರು

ಕಥೆ ಹೇಳುವುದಕ್ಕೆ ಬೆಂಕಿ ಬೇಕು. ಆದರೆ ನಾನು ಹೇಳುವ ಕಥೆಯ ಊರಿನಲ್ಲಿ ಒಲೆಗೆ ಇಡಲು ಒಂದು ಕಡ್ಡಿಯೂ ಹುಟ್ಟುವುದಿಲ್ಲ. ಇಡೀ ದ್ವೀಪದಲ್ಲಿ ಮರ ಎಂಬುದೇ ಇಲ್ಲ. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದಾಗಲೆಲ್ಲ, ಸಂಜೆ ಹಂಡೆಯ ಕೆಳಗೆ ಕುಂಟೆ ಹೊತ್ತಿಕೊಂಡಿತೋ ಇಲ್ಲವೋ, ಅಣ್ಣನ ಮೊಮ್ಮಕ್ಕಳು ನನ್ನನ್ನು ಎಳೆದು ತಂದು ಬಚ್ಚಲೊಲೆಯ ಮುಂದೆ ಕೂರಿಸುತ್ತಾರೆ. ಕೆಂಡದಲ್ಲಿ ಹಲಸಿನ ಬೀಜ ಹುದುಗಿಸಿ, "ಸಣ್ಣಜ್ಜ, ಆ ಬಾಗಿಲಿನ ಕಥೆ ಹೇಳು" ಅನ್ನುತ್ತಾರೆ. ಎಷ್ಟು ಸಲ ಕೇಳಿದ್ದಾರೋ. ನಾನು ಒಂದು ಮಾತು ಬಿಟ್ಟರೂ ಹಿಡಿಯುತ್ತಾರೆ.

ಊರಿನ ಹೆಸರು ಮಕ್ವಾರಿ ದ್ವೀಪ. ಅಲ್ಲಿದ್ದವರು ಪ್ರೀತಿಯಿಂದ ಕರೆಯುವುದು ಮ್ಯಾಕ ಅಂತ. ಆಸ್ಟ್ರೇಲಿಯಾದ ತಾಸ್ಮೇನಿಯಾದಿಂದ ಆಗ್ನೇಯಕ್ಕೆ ಸುಮಾರು 1,500 ಕಿಲೋಮೀಟರ್. ಅಲ್ಲಿಂದ ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ದಕ್ಷಿಣಕ್ಕೆ ಹೋದರೆ ಅಂಟಾರ್ಕ್ಟಿಕಾ. ಉದ್ದ 34 ಕಿಲೋಮೀಟರ್, ಅಗಲ ಎಲ್ಲಿ ಅಳೆದರೂ ಐದೂವರೆ ದಾಟದು. ಕಡಲ ತಳದ ನೆಲವೇ ಎರಡು ಬದಿಯ ಒತ್ತಡಕ್ಕೆ ಸಿಕ್ಕಿ ಮೇಲೆದ್ದು ನಿಂತ ದಿಣ್ಣೆ ಅದು. ಸಮುದ್ರತಳಕ್ಕೂ ಕಿಲೋಮೀಟರ್‌ಗಟ್ಟಲೆ ಕೆಳಗೆ, ಭೂಮಿಯ ಹೊಟ್ಟೆಯಲ್ಲಿ ಇರಬೇಕಾದ ಕಲ್ಲು ಅಲ್ಲಿ ಬೂಟಿನಡಿಗೆ ಸಿಗುತ್ತದೆ. 1997ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಆ ಕಲ್ಲೇ ಒಂದು ಮುಖ್ಯ ಕಾರಣ.

ಹೆಸರಿನ ವಿಷಯ ಬಂದಾಗ ಮಕ್ಕಳ ಕಿವಿ ಇನ್ನಷ್ಟು ಚುರುಕಾಗುತ್ತದೆ. ಲಾಕ್ಲನ್ ಮಕ್ವಾರಿ ಅನ್ನುವವನು ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದ. 1810ರಲ್ಲಿ ಸೀಲ್ ಬೇಟೆಯ ಹಡಗೊಂದು ಈ ದ್ವೀಪವನ್ನು ಕಂಡು ಅವನ ಹೆಸರಿಟ್ಟಿತು. ಅದಕ್ಕೂ ಹನ್ನೊಂದು ವರ್ಷ ಹಿಂದೆ, 1799ರಲ್ಲಿ, ಅದೇ ಮಕ್ವಾರಿ ಶ್ರೀರಂಗಪಟ್ಟಣವನ್ನು ಮುತ್ತಿದ ಬ್ರಿಟಿಷ್ ದಂಡಿನಲ್ಲಿದ್ದ. ಟಿಪ್ಪುವಿನ ಕೋಟೆ ಬೀಳುವುದನ್ನು ಕಂಡವನ ಹೆಸರನ್ನು ಪೆಂಗ್ವಿನ್‌ಗಳ ಊರಿಗೆ ಇಟ್ಟರು!

ನಾನು ಅಲ್ಲಿಗೆ ಹೋದದ್ದು 2012ರಲ್ಲಿ, ಹವಾಮಾನ ವೀಕ್ಷಕನಾಗಿ. ಮಲೆನಾಡಿನವನಿಗೆ ಮಳೆಯ ಭಯವೇನು ಅಂದುಕೊಂಡೇ ಹಡಗು ಹತ್ತಿದ್ದೆ. ಲೆಕ್ಕದಲ್ಲಿ ನೋಡಿದರೆ ಅಲ್ಲಿ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆ ಆಷಾಢದ ಹದಿನೈದು ದಿನದಲ್ಲಿ ಅಷ್ಟನ್ನು ಸುರಿದು ಕೈತೊಳೆದುಕೊಳ್ಳುತ್ತದೆ. ಆದರೆ ಮ್ಯಾಕದ ಮಳೆ ಜಿಪುಣನ ದಾನದ ಹಾಗೆ: ಚೂರುಚೂರೇ, ವರ್ಷದಲ್ಲಿ 300 ದಿನಕ್ಕೂ ಹೆಚ್ಚು. ಅದೂ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಭೂಮಿಯನ್ನು ಸುತ್ತುವ ಪಶ್ಚಿಮದ ಗಾಳಿಗೆ ಆ ಅಕ್ಷಾಂಶದಲ್ಲಿ ಅಡ್ಡ ಬರುವ ನೆಲವೇ ಹೆಚ್ಚುಕಡಿಮೆ ಇಲ್ಲವಲ್ಲ, ಸಿಕ್ಕಿದ ಈ ಒಂದು ದಿಣ್ಣೆಯ ಮೇಲೆ ತನ್ನ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತದೆ. ಚಳಿ ಹೆಪ್ಪುಗಟ್ಟಿಸುವಂಥದ್ದಲ್ಲ. ಬೇಸಿಗೆಯಲ್ಲಿ ಏಳು ಡಿಗ್ರಿ, ಚಳಿಗಾಲದಲ್ಲಿ ಮೂರು. ಇವತ್ತು ಬೇಸಿಗೆಯೋ ಚಳಿಗಾಲವೋ ಎಂದು ಹೊರಗೆ ಇಣುಕಿ ಹೇಳಲಾಗದು.

ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು ರಾತ್ರಿ ಒಂದು, ಬಲೂನು ಬಿಡುವುದು ನಮ್ಮ ಕೆಲಸ. ಶೆಡ್ಡಿನೊಳಗೆ ಹೈಡ್ರೋಜನ್ ತುಂಬುತ್ತಿದ್ದಂತೆ ಮುದುಡಿ ಬಿದ್ದಿದ್ದ ರಬ್ಬರು ಸುಸ್ ಎಂದು ಉಸಿರೆಳೆದು ಎದ್ದು ನಿಲ್ಲುತ್ತದೆ. ಅದರ ದಾರಕ್ಕೆ ಅಂಗೈಯಗಲದ ಉಪಕರಣ ಕಟ್ಟಿ, ಗಾಳಿ ಒಂದು ಕ್ಷಣ ಉಸಿರು ಬಿಡುವುದನ್ನೇ ಕಾದು ಹೊರಗೋಡಬೇಕು. ಕೈಬಿಟ್ಟರೆ ಅದು ಮೇಲಕ್ಕೆ ಹೋಗದೆ ಸಮುದ್ರದ ಮೇಲೆ ಅಡ್ಡಡ್ಡ ಹಾರಿ, ಆಮೇಲೆ ನೆನಪಾದವರಂತೆ ಮೇಲೇರುತ್ತದೆ. ಒಡೆಯುವ ಮುಂಚೆ 25–30 ಕಿಲೋಮೀಟರ್ ಎತ್ತರದವರೆಗಿನ ಒತ್ತಡ, ತೇವ, ಉಷ್ಣತೆಯನ್ನೆಲ್ಲ ಹೇಳಿ ಮುಗಿಸುತ್ತದೆ.

ಉಳಿದಂತೆ ಅದು ಒಂದು ದೊಡ್ಡ ಕೂಡುಕುಟುಂಬ. ದ್ವೀಪದ ಉತ್ತರ ತುದಿಯ ಕಿರಿದಾದ ಕೊರಳಿನಂಥ ಜಾಗದಲ್ಲಿ 1948ರಿಂದ ಇರುವ ಠಾಣೆ. ಎರಡು ಬದಿಗೂ ಸಮುದ್ರ. ಕೆಲವೇ ಡಜನ್ ಜನ. ಅಡುಗೆಯವರು ಒಬ್ಬರೇ, ಆದರೆ ಪಾತ್ರೆ ತೊಳೆಯುವ, ನೆಲ ಒರೆಸುವ ಸರದಿ ಎಲ್ಲರಿಗೂ ಬರುತ್ತದೆ. ಅದಕ್ಕೆ 'ಸ್ಲಶಿ' ಅಂತಾರೆ. ಡಾಕ್ಟರೂ ಸ್ಲಶಿ, ಠಾಣೆಯ ಮುಖ್ಯಸ್ಥರೂ ಸ್ಲಶಿ. ಸಾಮಾನು ಬರುವುದು ವರ್ಷಕ್ಕೊಮ್ಮೆ ಬರುವ ಹಡಗಿನಲ್ಲಿ. ಠಾಣೆಯ ಆಚೆ ಗಾಡಿ ಓಡುವಂತಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಕಾಲೇ ಗತಿ, ಒಂಟಿಯಾಗಿ ಹೋಗುವಂತಿಲ್ಲ. ಅಲ್ಲಲ್ಲಿ ತಂಗಲು ಪುಟ್ಟ ಗುಡಿಸಲುಗಳಿವೆ.

ಅಕ್ಟೋಬರ್ ತಿಂಗಳು. ಎರಡು ದಿನ ಬಿಡುವು ಸಿಕ್ಕಿತು. ನನ್ನ ಜೊತೆಯ ವೀಕ್ಷಕ ಬಲೂನಿನ ಹೊಣೆ ಹೊತ್ತ. ಜನರೇಟರ್ ನೋಡಿಕೊಳ್ಳುವ ಮೆಕ್ಯಾನಿಕ್ ಜೊತೆಗೆ ಹೊರಟ. ಅವನನ್ನು ಎಲ್ಲರೂ ಡೀಸೋ ಅಂತಲೇ ಕರೆಯುತ್ತಿದ್ದರು. ಪೂರ್ವ ತೀರದಲ್ಲಿ, ದ್ವೀಪದ ನಡು ಭಾಗದಲ್ಲಿ ಗ್ರೀನ್ ಗಾರ್ಜ್ ಅಂತ ಜಾಗ. ಒಂದು ಹಗಲಿನ ನಡಿಗೆ.

ಅಕ್ಟೋಬರ್ ಅಂದರೆ ಆನೆ ಸೀಲ್‌ಗಳ ಬಾಣಂತನದ ಕಾಲ. ದಂಡೆಯೆಂಬ ದಂಡೆಯ ಮೇಲೆ ಹೆಣ್ಣುಗಳು ಮೂಟೆಗಳ ಹಾಗೆ ಒತ್ತೊತ್ತಾಗಿ ಬಿದ್ದಿರುತ್ತವೆ. ನಡುನಡುವೆ ಕಪ್ಪು ಮರಿಗಳ ಬೊಗಳು. ಮರಿ ಹುಟ್ಟಿದಾಗ 40 ಕಿಲೋ. ತಾಯಿ ಮೂರು ವಾರ ಒಂದು ತುತ್ತೂ ತಿನ್ನದೆ ಹಾಲೂಡಿಸಿ, ಅದು ಮೂರು ಪಟ್ಟು ಉಬ್ಬಿದ ಮೇಲೆ ಹಿಂತಿರುಗಿ ನೋಡದೆ ಸಮುದ್ರಕ್ಕೆ ಹೋಗಿಬಿಡುತ್ತಾಳೆ. "ಆಮೇಲೆ ಮರಿ?" ಎಂದು ಚಿಕ್ಕವಳು ಕೇಳುವುದು ಇಲ್ಲಿಯೇ. ಮೈಯ ಕೊಬ್ಬು ಕರಗಿಸಿಕೊಂಡು ವಾರಗಟ್ಟಲೆ ದಂಡೆಯಲ್ಲಿ ಬಿದ್ದಿದ್ದು, ಒಂದು ದಿನ ತಾನೇ ಈಜು ಕಲಿತು ಹೋಗುತ್ತದೆ, ಕೂಸೇ.

ದಂಡೆ ಅವರದ್ದಾದ್ದರಿಂದ ನಾವು ಸೊಂಟದೆತ್ತರದ ಟಸಕ್ ಹುಲ್ಲಿನಲ್ಲಿ ನುಗ್ಗುತ್ತ ಹೋದೆವು. ನಗ್ಗೆಟ್ಸ್ ಅನ್ನುವ ಕಡೆ ತುಕ್ಕು ಹಿಡಿದ ದೊಡ್ಡ ಕಬ್ಬಿಣದ ಹಂಡೆಗಳು ನಿಂತಿದ್ದವು. ಮಳೆ ಜೋರಾಗಿತ್ತು, ಮುಂದೆ ನಡೆದೆವು. ಸ್ಯಾಂಡಿ ಬೇ ದಾಟಿ ಪ್ರಸ್ಥಭೂಮಿ ಹತ್ತಿದೆವು. ದಾರಿಯುದ್ದಕ್ಕೂ ಕೊಡೆಯಗಲ ಎಲೆಯ ಮಕ್ವಾರಿ ಎಲೆಕೋಸು ಹೊಸದಾಗಿ ಚಿಗುರುತ್ತಿತ್ತು. ಹಿಂದೆ ಸೀಲ್ ಬೇಟೆಗಾರರು ಸ್ಕರ್ವಿ ರೋಗ ಬರದಿರಲೆಂದು ತಿನ್ನುತ್ತಿದ್ದ ಸೊಪ್ಪು ಅದು. ಆ ಬೇಟೆಗಾರರೇ ತಂದುಬಿಟ್ಟ ಮೊಲಗಳು ನೂರಕ್ಕೂ ಹೆಚ್ಚು ವರ್ಷ ಅದನ್ನು ಬೇರುಸಹಿತ ಮೇದು, ಗುಡ್ಡಗಳೇ ಜರಿಯುವಂತೆ ಮಾಡಿದ್ದವು. ನಾನು ಹೋಗುವ ಹಿಂದಿನ ವರ್ಷವಷ್ಟೇ ಹೆಲಿಕಾಪ್ಟರ್‌ನಿಂದ ವಿಷದ ಕಾಳು ಚೆಲ್ಲಿ ಮೊಲ, ಇಲಿಗಳನ್ನು ನಿವಾರಿಸಿದ್ದರು. ಉಳಿದಿದ್ದ ಮೊಲ ಹದಿಮೂರು; ಅವನ್ನೂ ನಾಯಿಗಳು ಹುಡುಕಿದವು. ಪೆಂಗ್ವಿನ್ ಎದುರು ಬಂದರೂ ಮೂತಿ ತಿರುಗಿಸದಂತೆ ಪಳಗಿಸಿದ ನಾಯಿಗಳು! ಆ ಕೆಲಸ ಪುಕ್ಕಟೆಯಾಗಿ ಆಗಲಿಲ್ಲ. ವಿಷದ ಕಾಳನ್ನೋ ವಿಷ ತಿಂದ ಮೊಲದ ಹೆಣವನ್ನೋ ತಿಂದು ಸ್ಕೂಆ, ಪೆಟ್ರೆಲ್ ಮೊದಲಾದ ಹಕ್ಕಿಗಳು ಎರಡು ಸಾವಿರಕ್ಕೂ ಹೆಚ್ಚು ಸತ್ತವು. ಮನುಷ್ಯ ಹಾಕಿದ ಗಂಟನ್ನು ಮನುಷ್ಯನೇ ಬಿಚ್ಚಲು ಹೋದರೂ ದಾರ ಹರಿಯುವುದು ಬೇರೆಯವರದ್ದು.

ಸಂಜೆ ಗುಡಿಸಲು ಸೇರಿ, ರೇಡಿಯೋದಲ್ಲಿ ಠಾಣೆಗೆ "ಇಬ್ಬರೂ ಕ್ಷೇಮ" ಎಂದು ವರದಿ ಒಪ್ಪಿಸಿದೆವು. ಆ ಸಂಜೆಯ ವರದಿ ತಪ್ಪಿದರೆ ಹುಡುಕಲು ಜನ ಹೊರಡುತ್ತಾರೆ. ರಾತ್ರಿಯೆಲ್ಲ ಗಾಳಿ ಗೋಡೆಯನ್ನು ಗುದ್ದಿತು. ನಡುರಾತ್ರಿ ಎಲ್ಲೋ ಲಾರಿ ಮಗುಚಿದಂತೆ ಧೊಪ್ಪೆಂದಿತು, ಗುಡಿಸಲು ಒಮ್ಮೆ ನಡುಗಿತು. ಡೀಸೋ ಮಗ್ಗುಲು ಬದಲಿಸಿದ.

ಬೆಳಿಗ್ಗೆ ಎದ್ದು ಬಾಗಿಲೆಳೆದೆ. ಹೊರಗೆ ಹೊರಗೇ ಇರಲಿಲ್ಲ. ಕಂದು ಬಣ್ಣದ ಗೋಡೆಯೊಂದು ಹೊಸ್ತಿಲಿಗೆ ತಾಗಿಕೊಂಡು ಎದ್ದಿತ್ತು. ಗೋಡೆ ಉಸಿರಾಡಿತು.

ಗಂಡು ಆನೆ ಸೀಲ್. ಸಕ್ರೆಬೈಲಿನ ಆನೆಯನ್ನು ಕಾಲು ಮಡಿಸಿ ಮಲಗಿಸಿದರೆ ಎಷ್ಟೋ ಅಷ್ಟು. ಮೂರು ಟನ್ನಿಗೆ ಕಡಿಮೆಯಿಲ್ಲ. ನಾನು ಬಾಗಿಲು ಮುಚ್ಚಿ, "ಡೀಸೋ, ಹೊರಗೆ ಯಾರೋ ಬಂದಿದ್ದಾರೆ" ಅಂದೆ. ಅವನು ಕಿಟಕಿಯಿಂದ ಬಗ್ಗಿ ನೋಡಿ, "ಯಾರೋ ಅಲ್ಲ ಮಾರಾಯ, ಎಲ್ಲರೂ ಬಂದ ಹಾಗಿದೆ" ಅಂದ.

ತಳ್ಳುವ ಹಾಗಿಲ್ಲ. ಪ್ರಾಣಿಗಳಿಗೆ ತೊಂದರೆ ಕೊಡಬಾರದೆನ್ನುವುದು ಅಲ್ಲಿನ ಕಾನೂನು. ಕಾನೂನಿಲ್ಲದಿದ್ದರೂ ಮೂರು ಟನ್ನನ್ನು ಯಾರು ತಳ್ಳಬೇಕು? ಬೆನ್ನೇರಿ ದಾಟೋಣವೆಂದರೆ ಅವನು ಹೊರಳಿದರೆ ನಾವು ಚಪಾತಿ. ಕಿಟಕಿಯಲ್ಲಿ ಡೀಸೋನ ತಲೆ ಹೋಗುತ್ತಿತ್ತು, ಹೊಟ್ಟೆ ಹೋಗುತ್ತಿರಲಿಲ್ಲ. ರೇಡಿಯೋದಲ್ಲಿ ಠಾಣೆಯನ್ನು ಕರೆದೆವು. ಆ ಕಡೆ ಬಹಳ ಹೊತ್ತು ನಗು. ಆಮೇಲೆ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು ಹೇಳಿದರು: "ಅವನಿಗೆ ಹೊತ್ತಾದಾಗ ಏಳುತ್ತಾನೆ. ಕಾಯಿರಿ. ಬಲೂನು ನಾವು ನೋಡ್ಕೋತೇವೆ."

ಕಾದೆವು. ಇಡೀ ಹಗಲು. ಶೌಚಕ್ಕೇನು ಮಾಡಿದಿರಿ ಎಂದು ಮಕ್ಕಳು ಪ್ರತಿ ಸಲ ಕೇಳುತ್ತಾರೆ, ಪ್ರತಿ ಸಲವೂ ನಾನು ಬಕೆಟ್ಟಿನ ಹೆಸರು ಹೇಳಬೇಕು, ಪ್ರತಿ ಸಲವೂ ಅವರು ಬಿದ್ದು ಬಿದ್ದು ನಗಬೇಕು. ಮಧ್ಯಾಹ್ನ ಗ್ಯಾಸ್ ಹೊತ್ತಿಸಿ ಅನ್ನ ಮಾಡಿ, ಅತ್ತಿಗೆ ಕಟ್ಟಿಕೊಟ್ಟಿದ್ದ ಸಾರಿನ ಪುಡಿಯಲ್ಲಿ ತಿಳಿಸಾರು ಕುದಿಸಿದೆ. ಇಂಗಿನ ಒಗ್ಗರಣೆ ಹೊಡೆದಾಗ ಬಾಗಿಲಾಚೆ ದೊಡ್ಡದೊಂದು ಸೀನು ಕೇಳಿಸಿತು. ಡೀಸೋ ಮೂರು ಲೋಟ ಸಾರು ಕುಡಿದ.

ಮಾಡಲು ಬೇರೆ ಕೆಲಸವಿರಲಿಲ್ಲವಾಗಿ ಕಿಟಕಿಯ ಬಳಿ ಕೂತು ಅವನನ್ನೇ ನೋಡಿದೆ. ಮೂಗೆಂದರೆ ಮಡಿಸಿಟ್ಟ ರಬ್ಬರ್ ಚೀಲ. ಕಣ್ಣು ಮಾತ್ರ ದೊಡ್ಡದು, ಕಪ್ಪನೆಯದು, ಒದ್ದೆ; ಬೆಳಕಿಲ್ಲದ ಆಳದಲ್ಲಿ ಬೇಟೆಯಾಡುವ ಕಣ್ಣು. ಆ ಜಾತಿ ಎರಡು ಸಾವಿರ ಮೀಟರಿಗೂ ಕೆಳಗೆ ಮುಳುಗಬಲ್ಲದು. ಕುತ್ತಿಗೆಯ ಚರ್ಮ ಹಲಸಿನ ತೊಗಟೆಯ ಹಾಗೆ ಗಂಟುಗಂಟು, ಎಲ್ಲವೂ ಹಳೆಯ ಕಾಳಗದ ಗಾಯ. ಒಂದು ಹೊಸದು, ಅದರಿಂದ ಇನ್ನೂ ರಕ್ತ ಜಿನುಗುತ್ತಿತ್ತು.

ಹೀಗೆ ನೋಡುತ್ತಿದ್ದವನಿಗೆ ಒಮ್ಮೆಲೇ ಹೊಳೆಯಿತು, ಅವನು ಉಸಿರಾಡುತ್ತಿಲ್ಲ. ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಒಂದು ನಿಮಿಷ. ಮೂರು. ಐದು. "ಸತ್ತನೋ ಏನೋ" ಎಂದ ಡೀಸೋ. ಅವನ ದನಿಯಲ್ಲಿ ಮರುಕಕ್ಕಿಂತ, ಸತ್ತರೆ ಇವನನ್ನು ಸರಿಸುವವರು ಯಾರು ಅನ್ನುವ ಚಿಂತೆಯೇ ಹೆಚ್ಚಿತ್ತು. ಏಳು ನಿಮಿಷವಾಗುತ್ತಲೇ ಮೂಗಿನ ಹೊಳ್ಳೆ ಫಟ್ಟನೆ ತೆರೆಯಿತು. ಕೊಳೆತ ಮೀನಿನ ವಾಸನೆಯ ಗಾಳಿ ಕಿಟಕಿಯ ಗಾಜಿಗೆ ಬಂದು ಮಂಜು ಹಿಡಿಸಿತು. ನೆಲದ ಮೇಲೆ ನಿದ್ದೆ ಮಾಡುವಾಗಲೂ ಅವು ಮುಳುಗಿದವರ ಹಾಗೆ ಉಸಿರು ಹಿಡಿಯುತ್ತವೆ. ಆಮೇಲೆ ಸಂಜೆವರೆಗೂ ನಾನು ಗೀಟು ಹಾಕುತ್ತ ಕೂತೆ: ಏಳು, ಆರು, ಒಂಬತ್ತು. ಮನೆಯವರ ಉಸಿರನ್ನೂ ಯಾವತ್ತೂ ಅಷ್ಟು ಗಮನವಿಟ್ಟು ಎಣಿಸಿದವನಲ್ಲ ನಾನು.

"ಸೋತು ಬಂದವನು" ಅಂದ ಡೀಸೋ. ದಂಡೆಯಲ್ಲಿ ಹತ್ತಾರು ಹೆಣ್ಣುಗಳ ಕಾವಲಿಗೆ ಒಬ್ಬನೇ ಯಜಮಾನ. ಅವನೊಂದಿಗೆ ಕಾದಾಡಿ ಸೋತವರು ಹೀಗೆ ದೂರ ಬಂದು ಬೀಳುತ್ತಾರೆ. ಗಾಳಿಗೆ ಮರೆ ಬೇಕಿತ್ತು, ನಮ್ಮ ಗೋಡೆ ಸಿಕ್ಕಿತು. ಒಳಗಿದ್ದ ನಾವಿಬ್ಬರು ಅವನ ಲೆಕ್ಕದಲ್ಲೇ ಇರಲಿಲ್ಲ. ಅದು ನನ್ನನ್ನು ಸ್ವಲ್ಪ ಚುಚ್ಚಿತು, ನಿಜ ಹೇಳಬೇಕೆಂದರೆ. ನಮ್ಮ ತೋಟದಲ್ಲಿ ನಾನು ಕಾಲಿಟ್ಟರೆ ಕೇರೆ ಹಾವು ಸರಿಯುತ್ತದೆ, ಕೆಮ್ಮಿದರೆ ಕಾಡುಕೋಳಿ ಹಾರುತ್ತದೆ, ಕೈಯೆತ್ತಿದರೆ ಮಂಗ ಓಡುತ್ತದೆ. ಐವತ್ತು ವರ್ಷ ಎಲ್ಲರೂ ನನಗೆ ದಾರಿ ಬಿಟ್ಟಿದ್ದರು. ಅದು ನನ್ನ ಹಕ್ಕೇನೋ ಎಂಬಷ್ಟು ಸಲೀಸಾಗಿ. ಇಲ್ಲಿ ಒಬ್ಬ ಸೋತವನೂ ನನಗಾಗಿ ಕಣ್ಣು ಬಿಡಲಿಲ್ಲ.

ಎರಡನೆಯ ರಾತ್ರಿ ಗಾಳಿ ತಗ್ಗಿತು. ನಸುಕಿನಲ್ಲಿ ಮತ್ತೆ ನೆಲ ನಡುಗಿತು, ಬಾಗಿಲೆಳೆದರೆ ಬೆಳಕಿತ್ತು. ಹುಲ್ಲನ್ನು ಚಾಪೆಯಂತೆ ಮಲಗಿಸಿದ ಒಂದು ಅಗಲವಾದ ಜಾಡು ನೀರಿನ ಕಡೆಗೆ ಹೋಗಿತ್ತು. ಗುಡಿಸಲಿನ ದಿನಚರಿ ಪುಸ್ತಕದಲ್ಲಿ ತಂಗಿದವರೆಲ್ಲ ಬರೆಯುವುದು ರೂಢಿ. ನಾನು ಬರೆದೆ: "ಎರಡು ರಾತ್ರಿ. ಅತಿಥಿ: ಆನೆ ಸೀಲ್ ಒಂದು." ಡೀಸೋ ಪೆನ್ನು ಕಿತ್ತುಕೊಂಡು ಅದನ್ನು ಹೊಡೆದುಹಾಕಿ ಕೆಳಗೆ ಬರೆದ: "ಅತಿಥಿಗಳು: ಇಬ್ಬರು. ಮನೆಯವರು ಹೊರಗೆ ಮಲಗಿದ್ದರು."

ವಾಪಸು ಬರುವಾಗ ಸ್ಯಾಂಡಿ ಬೇಯ ಕಲ್ಲುಗಳ ಮೇಲೆ ದಣಿವಾರಿಸಿಕೊಳ್ಳಲು ಕೂತೆವು. ಗುಡ್ಡದ ಸಂದಿಯಿಂದ ರಾಯಲ್ ಪೆಂಗ್ವಿನ್‌ಗಳ ಕಲರವ. ಭೂಮಿಯ ಮೇಲೆ ಬೇರೆಲ್ಲೂ ಮನೆ ಮಾಡದ, ಈ ದ್ವೀಪವನ್ನೇ ನಂಬಿಕೊಂಡ ಹಳದಿ ಜುಟ್ಟಿನವು. ಈ ಕಡೆ ಕಿಂಗ್ ಪೆಂಗ್ವಿನ್‌ಗಳ ಗುಂಪು. ನಾವು ಅವುಗಳ ಹತ್ತಿರ ಹೋಗುವಂತಿಲ್ಲ. ಅವೇ ಬಂದರೆ ಅಲುಗಾಡದೆ ಕೂರಬೇಕು. ಒಂದು ಮರಿ ಬಂತು. ಕಿಂಗ್ ಪೆಂಗ್ವಿನ್ ಮರಿಯೆಂದರೆ ಕಂದು ಕಂಬಳಿಯ ಕೊಪ್ಪೆ ಹಾಕಿಕೊಂಡ ಗದ್ದೆಯಾಳಿನ ಹಾಗೆ. ಮೊದಮೊದಲು ಕಂಡ ನಾವಿಕರು ಇದು ಬೇರೆಯೇ ಜಾತಿ ಅಂದುಕೊಂಡಿದ್ದರಂತೆ. ಅದು ನನ್ನ ಮುಂದೆ ನಿಂತು, ಒಂದು ಕಣ್ಣಿನಿಂದ ನೋಡಿ, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಆಮೇಲೆ ಬೂಟಿನ ಲೇಸನ್ನು ಕೊಕ್ಕಿನಲ್ಲಿ ಹಿಡಿದು ಎಳೆಯತೊಡಗಿತು. ಗಂಟು ಬಿಚ್ಚಿತು. ಅದಕ್ಕೇ ಅಚ್ಚರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಬಂದು ಮತ್ತೊಂದು ಬೂಟಿಗೆ ಕೈಹಾಕಿತು. ನಾನು ಉಸಿರು ಹಿಡಿದು ಕೂತಿದ್ದೆ, ನಮ್ಮ ಬಾಗಿಲಿನವನ ಹಾಗೆ.

ಅಲ್ಲಿಂದ ನಗ್ಗೆಟ್ಸ್‌ಗೆ ಬಂದಾಗ ಮಳೆ ನಿಂತಿತ್ತು. ಹೋಗುವಾಗ ನೋಡದೆ ದಾಟಿದ್ದ ಹಂಡೆಗಳ ಮುಂದೆ ಕಾಲು ತಾನಾಗಿ ನಿಂತಿತು. ಆಳಿಗಿಂತ ಎತ್ತರದ ಉರುಟು ಕಬ್ಬಿಣ, ತುಕ್ಕು ಪದರಪದರವಾಗಿ ಎದ್ದು ಅಡಿಕೆ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ದ್ವೀಪ ಕಂಡ ಹತ್ತೇ ವರ್ಷದಲ್ಲಿ ಚರ್ಮಕ್ಕಾಗಿ ತುಪ್ಪಳದ ಸೀಲ್‌ಗಳನ್ನು ಹೆಚ್ಚುಕಡಿಮೆ ಮುಗಿಸಿದರು. ಆಮೇಲೆ ಎಣ್ಣೆಗಾಗಿ ಆನೆ ಸೀಲ್. ಕಟ್ಟಿಗೆಯಿಲ್ಲದ ಊರಿನಲ್ಲಿ ಒಲೆಗೆ ಏನು ಹಾಕುತ್ತಿದ್ದರು ಗೊತ್ತೇ? ಸೀಲ್‌ನ ಕೊಬ್ಬನ್ನೇ. ಅದೂ ಕಡಿಮೆಯಾದಾಗ ಪೆಂಗ್ವಿನ್ ಸರದಿ. ಜೋಸೆಫ್ ಹ್ಯಾಚ್ ಅನ್ನುವ ನ್ಯೂಜಿಲೆಂಡಿನ ವ್ಯಾಪಾರಿ ಈ ಹಬೆಯ ಹಂಡೆಗಳನ್ನು ತರಿಸಿದ. ಒಂದು ಹಕ್ಕಿ ಬೇಯಿಸಿದರೆ ಸಿಗುತ್ತಿದ್ದದ್ದು ಸುಮಾರು ಅರ್ಧ ಲೀಟರ್ ಎಣ್ಣೆ. ಡಗ್ಲಾಸ್ ಮಾಸನ್ ಮೊದಲಾದ ಅನ್ವೇಷಕರು ದನಿಯೆತ್ತಿ, 1919ರ ಹೊತ್ತಿಗೆ ಪರವಾನಗಿ ಮುಗಿಯಿತು. 1933ರಲ್ಲಿ ದ್ವೀಪ ಅಭಯಧಾಮವಾಯಿತು. ದಕ್ಷಿಣದ ಲೂಸಿಟೇನಿಯಾ ಕೊಲ್ಲಿಯಲ್ಲಿ ಕೆಲವೇ ಸಾವಿರಕ್ಕೆ ಇಳಿದಿದ್ದ ಕಿಂಗ್ ಪೆಂಗ್ವಿನ್‌ಗಳು ಇವತ್ತು ಲಕ್ಷ ದಾಟಿವೆ. ಅಲ್ಲೂ ಹಂಡೆಗಳಿವೆ, ಅವುಗಳ ಸುತ್ತ ಒತ್ತಾಗಿ ಪೆಂಗ್ವಿನ್‌ಗಳು ನಿಂತಿರುತ್ತವೆ.

ಹಂಡೆಯ ಮುಂದೆ ನಿಂತು ನಾನು ಯೋಚಿಸಿದ್ದು ಒಂದೇ: ಅಂದಿನ ಆಳುಗಳು ಇವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕಾಗಿರಲಿಲ್ಲ. ಮನುಷ್ಯನನ್ನು ಕಂಡರೆ ಅವು ಓಡಿಹೋಗುವ ಜಾತಿಯೇ ಅಲ್ಲ. ಮುಂದೆ ನಿಂತು, ಒಂದು ಕಣ್ಣಿನಿಂದ ನೋಡಿ, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿರಬೇಕು. ಡೀಸೋ ಏನೂ ಮಾತಾಡಲಿಲ್ಲ. ಬಗ್ಗಿ ನನ್ನ ಲೇಸು ಕಟ್ಟಿಲ್ಲವೆಂದು ತೋರಿಸಿದ.

ಕಥೆ ಇಲ್ಲಿಗೆ ಮುಗಿಯುತ್ತದೆ. ಸಾಮಾನ್ಯವಾಗಿ ಅಷ್ಟರೊಳಗೆ ಹಲಸಿನ ಬೀಜ ಚಟ್ಟೆಂದು ಸಿಡಿಯುತ್ತದೆ, ನೀರು ಕಾಯಿತೆಂದು ಅತ್ತಿಗೆ ಒಳಗಿನಿಂದ ಕೂಗುತ್ತಾರೆ. ಈ ಸಲ ಚಿಕ್ಕವಳು ಏಳಲಿಲ್ಲ. ಒಲೆಯ ಮೇಲಿನ ನಮ್ಮ ಹಂಡೆಯನ್ನು ನೋಡುತ್ತ ಕೇಳಿದಳು:

"ಈಗಲೂ ಅವು ಮನುಷ್ಯರನ್ನ ಕಂಡ್ರೆ ಹೆದರಲ್ವಾ, ಸಣ್ಣಜ್ಜ?"

"ಇಲ್ಲ."

"ಹಂಡೆ ವಿಷಯ ಅವಕ್ಕೆ ಗೊತ್ತಿಲ್ವಾ?"

"ಇಲ್ಲ ಕೂಸೇ, ಯಾರೂ ಹೇಳಿಲ್ಲ."

"ನೀನೂ ಹೇಳ್ಲಿಲ್ವಾ?"

"ಲೇಸು ಎಳೀತಾ ಇತ್ತಲ್ಲ," ಅಂದೆ, "ಹೇಳೋಕೆ ಮನಸ್ಸಾಗಲಿಲ್ಲ."